ಹತ್ತು ತೆತ್ರಿ

ವಾರ್ಕೆಟಿಲಿಯ ನಮ್ಮ ಕಟ್ಟಡದ ಲಿಫ್ಟು
ಕಾಸು ತಿನ್ನದೆ ಅಲುಗುವುದಿಲ್ಲ.
ಹತ್ತು ತೆತ್ರಿ ಆ ಕಬ್ಬಿಣದ ಬಾಯಿಗೆ,
ಆಮೇಲೆ ಒಂಬತ್ತನೆಯ ಮಹಡಿ.

ನಿನ್ನೆ ಸಂಜೆ ನಾಣ್ಯವನ್ನು ನಾನೇ ಹಾಕಿಬಿಟ್ಟೆ.
ಅಷ್ಟೇ ಆದದ್ದು.

ಒಂದು ಕೈಯಲ್ಲಿ ಆಲೂಗಡ್ಡೆ ಚೀಲ,
ಕಂಕುಳಲ್ಲಿ ದೋಣಿಯಂಥ ಬಿಸಿ ರೊಟ್ಟಿ,
ಔಷಧಿ ಅಂಗಡಿಯಲ್ಲಿ ಹತ್ತು ಗಂಟೆ ನಿಂತ ಕಾಲು.
ನೆನಪಾಗಲೇ ಇಲ್ಲ, ಅದು ನುಕ್ರಿಯ ಕೆಲಸ:
ತುದಿಗಾಲಲ್ಲಿ ನಿಂತು, ನಾಲಿಗೆಯ ತುದಿ ಕಚ್ಚಿ
ಇಡೀ ಕಟ್ಟಡವನ್ನೇ ಎತ್ತುವವನ ಹಾಗೆ
ಅವನು ಹಾಕಬೇಕಾದ ನಾಣ್ಯ.

ಐದು ವರ್ಷದ ಗಂಟಲಿಗೆ ಅಷ್ಟು ಸದ್ದು!
ರೊಟ್ಟಿ ಕಿತ್ತು ಎಸೆದ. ಗೋಡೆಗೆ ಒದ್ದ.
ನನ್ನ ಮುಂಗೈ ಕಚ್ಚಿದ.
ಮೂರು, ನಾಲ್ಕು, ಐದು,
ಲಿಫ್ಟು ತನ್ನ ಪಾಡಿಗೆ ಏರುತ್ತಿತ್ತು,
ನನ್ನೊಳಗೂ ಏನೋ ಏರುತ್ತಿತ್ತು.

ಎದುರುಮನೆಯ ನಾಜಿಬ್ರೋಲಾ ಬಾಗಿಲು ತೆರೆದು
'ಎರಡು ಬಿಟ್ಟರೆ ತಾನೇ ಸರಿಹೋಗುತ್ತಾನೆ' ಎಂದಳು,
ಸಾರಿಗೆ ಉಪ್ಪು ಕಮ್ಮಿ ಎನ್ನುವಷ್ಟು ಸಲೀಸಾಗಿ.

ಬಿಡಲಿಲ್ಲ. ರಟ್ಟೆ ಹಿಡಿದೆ.
ಹಿಡಿದೆ ಅಂದರೆ, ಸುಳ್ಳು ಯಾಕೆ,
ಹಿಂಡಿದೆ.
ನಾಲ್ಕು ಬೆರಳು ಅವನ ತೋಳ ಮೇಲೆ ಕೆಂಪಗೆ ಎದ್ದವು.
ನನ್ನ ಅಮ್ಮನ ಬೆರಳು.
ಹಿಮ ಬಿದ್ದ ಬಾಲ್ಕನಿಗೆ ನನ್ನನ್ನು ತಳ್ಳಿ
ಒಳಗಿಂದ ಚಿಲಕ ಹಾಕುತ್ತಿದ್ದ ಅವೇ ಬೆರಳು.
'ಅಳು ನಿಂತ ಮೇಲೆ ಬಾ' ಅನ್ನುತ್ತಿದ್ದಳು.
ನಿಂತಿತು.
ಇವತ್ತಿಗೂ ನಿಂತೇ ಇದೆ.

ಮೆಟ್ಟಿಲ ಮೇಲೆ ಕುಸಿದು ಕೂತೆ.
ಆಲೂಗಡ್ಡೆಗಳು ಒಂದೊಂದಾಗಿ ಎಂಟನೆಯ ಮಹಡಿಗೆ ಇಳಿದುಹೋದವು.
ತಿಳಿದವರು ಹೇಳುವ ಮಾತೊಂದೂ ಬಾಯಿಗೆ ಬರಲಿಲ್ಲ.
'ನಿನ್ನ ನಾಣ್ಯ ನಾನು ಹಾಕಿಬಿಟ್ಟೆ' ಅಂದೆ.
ಕಿರುಚಿದ.
'ಅದು ನಿಂದಾಗಿತ್ತು' ಅಂದೆ.
ಇನ್ನೂ ಜೋರಾಗಿ ಕಿರುಚಿದ, ಆದರೆ
ಒಂದು ಮೆಟ್ಟಿಲು ಹತ್ತಿರದಿಂದ.
'ತೋಳು ನೋಯಿಸಿದೆ, ನಂದು ತಪ್ಪು.
ಕಚ್ಚೋದಕ್ಕೆ ನಿನ್ನ ಬಿಡಲ್ಲ,
ಹಿಂಡೋದಕ್ಕೆ ನನ್ನ ಬಿಡಲ್ಲ.'

ಅಲ್ಲಿಗೆ ನನ್ನ ಮಾತು ಮುಗಿಯಿತು. ಮೆಟ್ಟಿಲ ದೀಪವೂ ಆರಿತು.
ಕತ್ತಲಲ್ಲಿ ಸೊರಗುಟ್ಟುವ ಮೂಗು,
ಬಿದ್ದು ಎದ್ದ ರೊಟ್ಟಿಯ ಘಮ.
ಎಷ್ಟು ಹೊತ್ತೋ ಗೊತ್ತಿಲ್ಲ,
ಮಡಿಲಿಗೆ ಒಂದು ಭಾರ ಬಂತು,
ಬೆವರಿದ ತಲೆ.

ನಮ್ಮ ಕಡೆ ತಾಯಿ ಮಗುವನ್ನು ಕರೆಯುವುದೇ 'ದೇದಾ' ಎಂದು.
ದೇದಾ ಅಂದರೆ ಅಮ್ಮ.
ದಿನಕ್ಕೆ ನೂರು ಸಲ ಅನ್ನುತ್ತೇನೆ,
ನನ್ನ ಕಿವಿಗೇ ಬಿದ್ದಿರಲಿಲ್ಲ.
'ದೇದಾ' ಎಂದೆ ಅವನ ಕೂದಲಿಗೆ.
ಬಾಲ್ಕನಿಯ ಹುಡುಗಿ ಇತ್ತ ತಿರುಗಿದಳು.

'ಇನ್ನೊಂದು ಸಲ ಹೋಗೋಣವಾ?'
ಕತ್ತು ಹಾಕಿದ.
ಆಲೂಗಡ್ಡೆ ಆರಿಸುತ್ತ ಮಹಡಿ ಮಹಡಿ ಇಳಿದೆವು.
ಪರ್ಸಿನ ತಳದಲ್ಲಿ ಉಳಿದದ್ದು ಒಂದೇ ನಾಣ್ಯ.
ತುದಿಗಾಲು, ನಾಲಿಗೆ, ಖಣ್.

ಲಿಫ್ಟು ನುಂಗಿತು.
ಅಲುಗಲಿಲ್ಲ.

ನಾನು ಉಸಿರು ಬಿಗಿಹಿಡಿದೆ.
ಅವನ ಕೆಳದುಟಿ ನಡುಗಿತು, ನಿಂತಿತು,
ಮತ್ತೆ ನಡುಗಿತು.
ಕಬ್ಬಿಣದ ಪೆಟ್ಟಿಗೆಯನ್ನೊಮ್ಮೆ ಸವರಿ
'ಇದಕ್ಕೂ ಇವತ್ತು ಸಿಟ್ಟು' ಅಂದ.

ಒಂಬತ್ತು ಮಹಡಿ ನಡೆದೇ ಹತ್ತಿದೆವು.
ಐದರಿಂದ ಮೇಲಕ್ಕೆ ಅವನನ್ನು ಎತ್ತಿಕೊಂಡು,
ಆಲೂಗಡ್ಡೆಗಿಂತ ಭಾರ.

ಇವತ್ತು ಬೆಳಿಗ್ಗೆ ಒಂದು ಬೂಟು ಹಾರಿ
ನೆನೆಹಾಕಿದ ಕಾಳಿನ ಪಾತ್ರೆಗೆ ಬಿತ್ತು.
ಎಡಗಾಲಿನದು.