ಹನ್ನೊಂದನೆಯ ಪ್ರಶ್ನೆ

ಟ್ರೊಮ್ಸೊ ವಿಶ್ವವಿದ್ಯಾಲಯದ ಹುಡುಗಿ ಬಂದಿದ್ದಳು
ಸ್ನೋಸ್ಕೂಟರಿನ ಹಿಂದೆ ಕೂತು, ಮೂಗು ಕೆಂಪಾಗಿ.
ಕಾಫಿ ಕೊಟ್ಟೆ. ಅದರೊಳಗೆ ಒಣ ಚೀಸಿನ ಚೂರು.
ನೋಡಿದಳು, ಹೆದರಿದಳು, ಕುಡಿದಳು.
ಆಮೇಲೆ ಹಾಳೆ ತೆಗೆದಳು.

ಪ್ರಶ್ನೆ ಹನ್ನೊಂದು: ನಿಮ್ಮ ಹಿಮಸಾರಂಗಗಳಿಗೆ
ಜಿಪಿಎಸ್ ಕೊರಳಪಟ್ಟಿ ಕಟ್ಟಲು ಮುಖ್ಯ ಕಾರಣವೇನು?
ಬೆಲೆ. ಬ್ಯಾಟರಿ. ಸಿಗ್ನಲ್. ಸಬ್ಸಿಡಿ. ನೆರೆಯವರ ಸಲಹೆ.
ಒಂದಕ್ಕೆ ಮಾತ್ರ ಗುರುತು ಹಾಕಿ.

ಹಾಕಬಹುದಿತ್ತು.
ಒಂದು ಪಟ್ಟಿಗೆ ಒಂದು ಕರುವಿನ ಮಾಂಸದ ದುಡ್ಡು.
ಬ್ಯಾಟರಿ ಮೈನಸ್ ನಲವತ್ತರಲ್ಲಿ ಮುದುಕರ ಹಾಗೆ,
ಎಚ್ಚರವಿರುತ್ತದೆ, ಮಾತಾಡುವುದಿಲ್ಲ.
ನೆರೆಯ ಇವ್ವಾರ್ ಹೋದ ವರ್ಷವೇ ಕಟ್ಟಿದ.
ಸೌನಾದಲ್ಲಿ ಕೂತೇ ಮಂದೆ ಕಾಯುತ್ತೇನೆ ಅಂತ ಜಂಬ;
ಅಷ್ಟರಲ್ಲಿ ಅವನ ಮಂದೆ ಹೆಪ್ಪುಗಟ್ಟಿದ ಹೊಳೆ ದಾಟಿ
ನಮ್ಮದರೊಳಗೆ ಬೆರೆತಿತ್ತು.

ಅಪ್ಪನಿಗೆ ಇದ್ಯಾವುದೂ ಅಡ್ಡಿಯಲ್ಲ.
ನಿನ್ನ ಮಂದೆ ಎಷ್ಟು ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ.
ಕೇಳಿದರೆ, ಬ್ಯಾಂಕಿನಲ್ಲಿ ಎಷ್ಟಿಟ್ಟಿದ್ದೀಯ ಅಂದ ಹಾಗೆ.
ಅರಿಯದೆ ಕೇಳಿದವರಿಗೆ ಅಪ್ಪನ ಉತ್ತರ ಒಂದೇ:
"ಮರದ ಎರಡೂ ಬದಿಗೆ ಇವೆ."
ಪಟ್ಟಿ ಎಲ್ಲವನ್ನೂ ಮರದ ಒಂದೇ ಬದಿಗೆ ನಿಲ್ಲಿಸಿಬಿಡುತ್ತದೆ.
ಅಧಿಕಾರಿ ಬರುತ್ತಾನೆ. ಹೆಚ್ಚಾಯಿತು, ಕಡಿ, ಅನ್ನುತ್ತಾನೆ.

ಕಿವಿಯಂಚಿನ ಎರಡು ಕಚ್ಚು ತೋರಿಸಿ ಅಪ್ಪ ಅನ್ನುತ್ತಿದ್ದ:
ಇದು ನನ್ನ ಅಜ್ಜಿಯ ಗುರುತು.
ಇದಕ್ಕೆ ಚಾರ್ಜು ಬೇಡ.

ಆಮೇಲೆ ಗಾಳಿಯಂತ್ರದ ಕಂಪನಿಯವರು ಬಂದರು.
ನಕ್ಷೆ ಹಾಸಿ ಬೆರಳಿಟ್ಟರು:
ಈ ಕಣಿವೆ ಖಾಲಿ. ಪ್ರಾಣಿ ಬಂದ ದಾಖಲೆಯೇ ಇಲ್ಲ.
ಅದು ಕರು ಹಾಕುವ ಕಣಿವೆ.
ಮೇ ತಿಂಗಳಲ್ಲಿ ನಾವು ಅಲ್ಲಿ ಕೆಮ್ಮುವುದೂ ಇಲ್ಲ.

ಎರಡು ದಿನ ಅಪ್ಪ ಬೂಟಿನೊಳಗೆ ಒಣಹುಲ್ಲು ತುರುಕುತ್ತಾ ಕೂತ.
ತುರುಕಿದ್ದನ್ನೇ ತೆಗೆದು ಮತ್ತೆ ತುರುಕಿದ.
ಮೂರನೆಯ ದಿನ ದೊಡ್ಡಿಯಲ್ಲಿ ಹಗ್ಗ ಬೀಸಿ
ಒಂಟಿಕೊಂಬಿನ ಮುದಿಯವಳನ್ನು,
ಮಂದೆಗೆಲ್ಲ ದಾರಿ ಹೇಳುವವಳನ್ನು, ಹಿಡಿದು
"ತಾ" ಅಂದ.
ತಿರುಪು ಅವನೇ ಬಿಗಿದ.
ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟ.
ಆಮೇಲೆ ಅವಳ ಹೆಣ್ಣುಮಕ್ಕಳಿಗೂ.

ಮೇ ಬಂತು. ನನ್ನ ಫೋನಿನಲ್ಲಿ ಖಾಲಿ ಕಣಿವೆ ತುಂಬಿತು,
ಮೂರು ಗಂಟೆಗೊಂದು ಚುಕ್ಕಿ,
ಹಿಮದ ಮೇಲೆ ಕಪ್ಪು ಹಣ್ಣು ಚೆಲ್ಲಿದ ಹಾಗೆ.
ಒಂದು ಚುಕ್ಕಿ ಹೊಳೆಯ ಬಳಿ ನಿಂತೇಬಿಟ್ಟಿತು.
ಹೋದಾಗ ಮೂಳೆ ಇತ್ತು, ಕೂದಲಿತ್ತು;
ಪಟ್ಟಿ ಇನ್ನೂ ಹೇಳುತ್ತಿತ್ತು, ಇಲ್ಲಿದ್ದೇನೆ, ಇಲ್ಲಿದ್ದೇನೆ.

ಚುಕ್ಕಿಯ ಹಾಳೆಯನ್ನು ಅಪ್ಪ ಮಡಿಸದೆ ಕೋರ್ಟಿಗೆ ಒಯ್ದ.
ತೀರ್ಪು ಇನ್ನೂ ಬಂದಿಲ್ಲ.
ಎಣಿಸುವ ಅಧಿಕಾರಿ ಬಂದು ಹೋದ.

"ಇತರೆ ಅಂತ ಹಾಕಲೇ?" ಕೇಳಿದಳು ಹುಡುಗಿ.
ಹಾಕು, ಅಂದೆ.
ಹಾಳೆ ತಿರುವಿದಳು.
"ಪ್ರಶ್ನೆ ಹನ್ನೆರಡು. ನಿಮ್ಮಲ್ಲಿ ಒಟ್ಟು ಎಷ್ಟು..."

ನಾನು ಕಾಫಿಯ ಪಾತ್ರೆ ಎತ್ತಿಕೊಂಡೆ.
ಒಳಕೋಣೆಯಲ್ಲಿ ಅಪ್ಪ ಕೆಮ್ಮಿದ.