ಕಲ್ಲಿನ ಹಲ್ಲು

ಮೂರು ಗಂಟೆಯ ಮೇಲೆ ನನ್ನ ಹೊತ್ತು.
ಊಟದ ಎಲೆ ಎದ್ದು, ಸಂಜೆಯ ಬನ್ಸು ಇನ್ನೂ ಉಬ್ಬದ
ಆ ನಡುವಿನ ಬಿಡುವಲ್ಲಿ
ಗ್ರೈಂಡರಿನ ಹೊಟ್ಟೆ ತೊಳೆದು ಒಣಗಿಸಿ ಕಾಯುತ್ತಾರೆ.
ಚೀಲದಲ್ಲಿ ಎರಡು ಉಳಿ, ಒಂದು ಸುತ್ತಿಗೆ,
ಕಣ್ಣಿಗೆ ಚೂರು ಹಾರದ ಹಾಗೆ ಮೊಮ್ಮಗಳ ಈಜು ಕನ್ನಡಕ.

ರಥಬೀದಿಯ ಮೂಲೆಯಿಂದ ಹೊರಟರೆ
ಭವಂತಿ ಬೀದಿ, ಅಲ್ಲಿಂದ ಇಳಿಜಾರು, ಬಂದರು.
ಇಷ್ಟೇ ದೂರ. ನಲವತ್ತು ವರ್ಷ.
ಬಸ್ಸು ಹತ್ತಿದವನಲ್ಲ.
ಹತ್ತಿದರೆ ಕಲ್ಲಿನ ಸದ್ದು
ಕಂಡಕ್ಟರನ ಸೀಟಿಯಲ್ಲಿ ಮುಳುಗಿಹೋಗುತ್ತದೆ.

ಹೌದು, ಬೀದಿಗೆ ಕೇಳುತ್ತದೆ ಅದು.
ಶೆಣೈ ಮಾಮನ ಕಲ್ಲು
ಹಲ್ಲು ಸವೆದ ವಾರ ಗೊರಕೆ ಹೊಡೆಯುತ್ತಿತ್ತು.
ಉಪಾಧ್ಯರದ್ದು ಮಡಿಯಲ್ಲಿರುವವರ ಹಾಗೆ ಗೊಣಗುತ್ತದೆ,
ಬೆಳ್ಳುಳ್ಳಿ ಬಿದ್ದ ದಿನ ಸ್ವಲ್ಪ ಜೋರು.
ಕಲ್ಯಾಣಿಯಕ್ಕನ ಮೀನೂಟದ ಹೋಟೆಲಿನದ್ದು
ಮೆಣಸು ಕುಡಿದೂ ಕುಡಿದೂ ಕೆಂಪಾದ ಕಲ್ಲು;
ಅಲ್ಲಿ ಉಳಿ ಇಟ್ಟ ರಾತ್ರಿ
ಕಣ್ಣು ಉಜ್ಜಿಕೊಳ್ಳುವ ಹಾಗಿಲ್ಲ,
ಬೇರೆ ಎಲ್ಲಿಯೂ ತುರಿಸಿಕೊಳ್ಳುವ ಹಾಗಿಲ್ಲ.

"ಕೂಲಿ ಎಷ್ಟು, ಲಿಗೋರಿ?" ಅಂತ ಯಾರೂ ಕೇಳುವುದಿಲ್ಲ.
ಗಲ್ಲಾದ ಮೇಲೆ ನೋಟು, ಮೇಜಿನ ಮೇಲೆ ತಟ್ಟೆ.
ಒಂದು ಕಡೆ ಸಜ್ಜಿಗೆ ಬಜಿಲು, ಒಂದು ಕಡೆ ಬಂಗುಡೆ.
ಮೊಯ್ದಿನಬ್ಬನ ಅಂಗಡಿಯಲ್ಲಿ ಕಲ್ಲೇ ಇಲ್ಲ,
ಆದರೂ ಹೋಗುತ್ತೇನೆ.
ನಿಂಬೆ ಹಿಂಡಿದ ಕರಿ ಚಾ ಮುಂದಿಟ್ಟು ಹೇಳುತ್ತಾನೆ,
"ನಿನ್ನ ಕಿವಿಗೂ ಒಂದು ರಜೆ ಬೇಕಲ್ಲ, ಮಾರಾಯ."

ಹೇಳುವುದಾದರೆ ಇದನ್ನೂ ಹೇಳಬೇಕು.
ಶೆಣೈ ಮಾಮನ ಹೋಟೆಲು ಹೋಯಿತು.
ಸತ್ತದ್ದಲ್ಲ, ಮುಳುಗಿದ್ದೂ ಅಲ್ಲ. ಬಾಡಿಗೆ ಕರಾರು ಮುಗಿದಿತ್ತು,
ಮಂಡಿ ನೋಯುತ್ತಿತ್ತು. ಒಂದು ಬುಧವಾರ
ಗೋಳಿಬಜೆ ಖಾಲಿಯಾದ ಮೇಲೆ
ಬೋರ್ಡನ್ನು ತಾವೇ ಇಳಿಸಿದರು.
"ಇನ್ನು ನಾನು ಬೇರೆಯವರಲ್ಲಿ ತಿನ್ನುವುದು,
ಸಾಂಬಾರಿಗೆ ಉಪ್ಪು ಕಮ್ಮಿ ಅಂತ ಹೇಳುವುದು" ಅಂದರು.
ದಿನಾ ಹೇಳುತ್ತಿದ್ದಾರೆ, ಉಪಾಧ್ಯರಿಗೆ.

ಅದೇ ಬಾಗಿಲಲ್ಲಿ ಈಗ ಕಾಪಿಯ ಅಂಗಡಿ.
ಹೆಸರು ಇಂಗ್ಲಿಷಿನಲ್ಲಿ, ಇರುವೆಯಷ್ಟು ಅಕ್ಷರ.
ಹೆಂಚಿನ ಮಾಡು ಹಾಗೇ ಉಂಟು.
ಒಳಗೆ, ಗಾಜಿನ ಹಲಗೆಯ ಒಂದು ಮೇಜು;
ಕಾಲಿನ ಜಾಗದಲ್ಲಿ ನನ್ನ ಕಲ್ಲು.
ನನ್ನದು ಅನ್ನಬಾರದು. ಆದರೆ
ಹೀಗೆ ಓರೆಯಾಗಿ ವಾಲುವ ಏಟು
ಈ ಬೀದಿಯಲ್ಲಿ ಎಡಗೈಯ ಒಬ್ಬನದೇ.
ಬಗ್ಗಿ, ಗಾಜಿನ ಅಡಿ ಬೆರಳು ಹಾಕಿ ತಡವಿದೆ.
ಇನ್ನೂ ಮೊನಚು. ಏನನ್ನೂ ಅರೆಯದ ಮೇಲೆ
ಸವೆಯುವುದಾದರೂ ಹೇಗೆ.

ದರದ ಪಟ್ಟಿ ನೋಡಿದೆ. ಏಳುವವನಿದ್ದೆ.
ಆಗ ಕೌಂಟರಿನ ಹಿಂದೆ ಯಂತ್ರ ತಿರುಗಿತು.
ಕೂತೆ.
"ಮಗಾ, ಅದರ ಹಲ್ಲು ಹೋಗಿದೆ."
ಕಪ್ಪು ಏಪ್ರನ್ನಿನ ಹುಡುಗಿ, ಪ್ರಾಪ್ತಿ ಅಂತ ಬಿಲ್ಲೆ,
"ಎಂತದು ಅಂಕಲ್?"
"ಅದು ಅರೆಯುವುದಲ್ಲ. ಜಜ್ಜುವುದು. ಕೇಳು."
ಕಿವಿ ಕೊಟ್ಟಳು. ಇನ್ನೊಮ್ಮೆ ತಿರುಗಿಸಿದಳು.
ಒಂದು ತಿಂಗಳಿಂದ ಕಾಪಿ ಕಹಿ,
ಬೀಜ ಬದಲಿಸಿದೆವು, ಹಾಲು ಬದಲಿಸಿದೆವು, ನೀರಿನ ಕ್ಯಾನು ಕೂಡ,
ಅವಳು ಹೇಳುತ್ತಲೇ ಇದ್ದಳು,
ನಾನಾಗಲೇ ಸ್ಕ್ರೂ ಬಿಚ್ಚುತ್ತಿದ್ದೆ.

ಒಳಗೆ ಉಕ್ಕಿನ ಎರಡು ಬಿಲ್ಲೆ,
ಅಂಗೈಗಿಂತ ಚಿಕ್ಕದು, ಮುಖಕ್ಕೆ ಮುಖ.
ಅಂಚು ನುಣ್ಣಗೆ, ಹಳೇ ನಾಣ್ಯದ ಹಾಗೆ.
ಇದಕ್ಕೆ ನನ್ನ ಉಳಿ ಆಗುವುದಿಲ್ಲ,
ಹೊಸದೇ ತರಿಸಬೇಕು, ಅಂದೆ.
ಇಷ್ಟು ಹೇಳಲಿಕ್ಕೆ ನಲವತ್ತು ವರ್ಷ ಬೇಕಾಯಿತಾ ಅಂತ
ನಗು ಬಂತು ನನಗೆ. ಅವಳೂ ನಕ್ಕಳು,
ಯಾಕೆ ಅಂತ ಗೊತ್ತಿಲ್ಲದೆ.

ದುಡ್ಡು ಬೇಡ ಅಂತ ಅವಳು ಕೊಟ್ಟ ಕಾಪಿ
ಕಹಿಯಾಗಿಯೇ ಇತ್ತು.
ನೊರೆಯ ಮೇಲೆ ಒಂದು ಎಲೆ ಬಿಡಿಸಿದ್ದಳು,
ಅರಳಿಯೋ, ಬಸಳೆಯೋ.
ಬಸಳೆ ಅಂದುಕೊಂಡು ಕುಡಿದೆ.

ಹೊರಗೆ ಬಂದರೆ ಬೀದಿಗೆ ಬನ್ಸಿನ ಎಣ್ಣೆಯ ವಾಸನೆ.
ಉಪಾಧ್ಯರ ಹೋಟೆಲಿನ ಕಿಟಕಿಯಿಂದ
ಕಲ್ಲಿನ ಗೊಣಗಾಟ ದಾಟಿಕೊಂಡು
ಶೆಣೈ ಮಾಮನ ದನಿ:
"ಉಪ್ಪು!"