ಆರು ಮಾತ್ರೆಗೆ ಆರು ಮಾತ್ರೆ

ಎಂಟನೇ ಬಿ ವಿಭಾಗಕ್ಕೆ ನಾಲ್ಕೇ ಸಾಲು ಸಾಕು,
ಐದನೆಯದಕ್ಕೆ ಗಂಟೆ ಹೊಡೆಯುತ್ತದೆ, ಊಟಕ್ಕೆ ಓಡಬೇಕು.
ಸಿದ್ದಾಪುರ ಗೇಟಿನಲ್ಲಿ ಬಸ್ಸಿಗೆ ಕಾಯುತ್ತ
ಟಿಕೆಟ್ಟಿನ ಬೆನ್ನಿಗೆ ಬರೆಯುತ್ತೇನೆ, ಬೆರಳಲ್ಲಿ ಮಾತ್ರೆ ಎಣಿಸುತ್ತ.

ಲಾಲ್‌ಬಾಗಿನ ಬಂಡೆ ಸಲೀಸು:
ಮುನ್ನೂರು ಕೋಟಿ ವರುಷದ ಮುದುಕಿ,
ಮಡಿಲಲ್ಲಿ ಕಡಲೆಕಾಯಿ ಸಿಪ್ಪೆ, ಯಾರದೋ ಸೆಲ್ಫಿ.
'ನೈಸ್' ಎಂಬ ಅದರ ಶಿಲಾನಾಮಕ್ಕೆ
ಹಿಂದಿನ ಬೆಂಚು ಕೂಗಿ ಕೊಟ್ಟ ಪ್ರಾಸ: ಎಗ್ ರೈಸ್.

ಎಲೆಯ ಬಾಯಿಯೇ ಕಷ್ಟ. ಪತ್ರರಂಧ್ರ.
ಧಕಾರಕ್ಕೆ ಕಣ್ಣು ಮುಚ್ಚಿದರೆ ಸಿಗುವುದೊಂದೇ, ಚಂದ್ರ.
ಬರೆದೆ:

    ಹೊಂಗೆ ಎಲೆಯ ಬೆನ್ನ ತುಂಬ
    ಲಕ್ಷ ಪತ್ರರಂಧ್ರ,
    ಬಾಯಿ ತೆರೆದು ಗಾಳಿ ಕುಡಿಯೆ
    ಮೇಲೆ ಬಂದ ಚಂದ್ರ.

ನಸೀಬಾ ಎದ್ದಳು. ಮಾವಳ್ಳಿಯ ಮೆಕ್ಯಾನಿಕ್ಕನ ಮಗಳು,
ಬಿಡಿಭಾಗ ಕೂರದಿದ್ದರೆ ಸುಮ್ಮನೆ ಕೂರಳು.
"ಮಿಸ್, ರಾತ್ರಿ ಅದು ಮುಚ್ಚಿರತ್ತೆ ಅಂದಿದ್ದು ನೀವೇ."

ಒರೆಸಿದೆ. ಅಂಗೈಯಲ್ಲಿ ಚಂದ್ರನ ಬಿಳಿ ಧೂಳು.
ನಿಜ ಉಳಿಯಿತು, ಪದ್ಯಕ್ಕೆ ಕುಂಟುಗಾಲು.

ಸಂಜೆ ಬಸ್ಸಿನ ಕಿಟಕಿ. ರೈಲುಹಳಿಯ ಬೇಲಿಗೆ
ಧೂಳು ಮೆತ್ತಿ ನಿಂತಿತ್ತು ಅದು, ಒರಟು, ಮುಳ್ಳು,
ಹಗಲೆಲ್ಲ ತುಟಿ ಬಿಗಿದು ನೀರು ಉಳಿಸಿ
ಇರುಳಿಗಷ್ಟೇ ಉಸಿರೆಳೆವ ಜಿಪುಣ.
ಕತ್ತಲೆಗೂ ಅದಕ್ಕೂ ಒಂದು ದೀರ್ಘದಷ್ಟೇ ಅಂತರ!

ಬೆರಳು ಎಣಿಸಿದೆ. 'ಹೊಂಗೆ ಎಲೆಯ' ಆರು.
'ಕತ್ತಾಳೆಯ' ಆರು.
ಮರುದಿನ ಬೋರ್ಡಿನಲ್ಲಿ ಅಷ್ಟೇ ಬದಲು:

    ಕತ್ತಾಳೆಯ ಬೆನ್ನ ತುಂಬ
    ಲಕ್ಷ ಪತ್ರರಂಧ್ರ...

ನಸೀಬಾ ತಲೆ ವಾಲಿಸಿ ಓದಿದಳು, ಎರಡು ಸಲ.
"ಈಗ ಫಿಟ್ ಆಯ್ತು, ಮಿಸ್."
ಕೂತಳು. ಮತ್ತೆ ಎದ್ದಳು.
"ಆದ್ರೆ ರಂಧ್ರಕ್ಕೆ ಹೊಟ್ಟೆ ಸೀಳಿದೆ,
ಚಂದ್ರಕ್ಕೆ ಇಲ್ವಲ್ಲ?"